ರಸ್ಟ್‌ನ ಎರರ್ ವಿವರಣೆ ತಿದ್ದುವುದು ಹೇಗೆ?

ಹೊಸಬರಿಗೆ ರಸ್ಟ್ ಪ್ರೋಗ್ರಾಮಿಂಗ್ ಭಾಷೆ ಕಲಿಸುವಾಗ ನನಗೆ ಜಾಸ್ತಿ ಎದುರಾಗುವುದು ಇ0382 (E0382) ಎಂಬ ಎರರ್ ಕೋಡ್. ಸ್ಟ್ರಿಂಗನ್ನು (ಪಠ್ಯದ ತುಣುಕನ್ನು) ಬೇರೆ ವೇರಿಯಬಲ್‌ಗೆ ಕೊಟ್ಟು, ಹಳೆಯ ವೇರಿಯಬಲನ್ನೇ ಮತ್ತೆ ಬಳಸಿದರೆ ಈ ಎರರ್ ಬರುತ್ತದೆ. ಇದರ ಉದ್ದ ವಿವರಣೆಯನ್ನು ಯಾರು ಬೇಕಾದರೂ ತಿದ್ದಿ ಕಳಿಸಬಹುದು.

ರಸ್ಟ್ ಕಂಪೈಲರ್‌ನ (ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಪ್ರೋಗ್ರಾಂ) ಗಿಟ್‌ಹಬ್ ರೆಪೊದಲ್ಲಿ, ಅಂದರೆ ಅದರ ಕೋಡ್ ಇಟ್ಟಿರುವ ಆನ್‌ಲೈನ್ ಜಾಗದಲ್ಲಿ, ಪ್ರತಿ ಎರರ್ ಕೋಡ್‌ಗೂ ವಿವರಣೆಯ ಒಂದು ಮಾರ್ಕ್‌ಡೌನ್ (ಸರಳ ಪಠ್ಯದ) ಫೈಲ್ ಇದೆ. ತಪ್ಪೇನು ಎಂದು ಮೊದಲ ಸಾಲಲ್ಲೇ ಬರೆಯಿರಿ. ಆಮೇಲೆ ತಪ್ಪು ಕೋಡ್, ಕಾರಣ, ಸರಿಯಾದ ಕೋಡ್. ತಪ್ಪು ಉದಾಹರಣೆ ಚಿಕ್ಕದಿರಲಿ, ಅದರಲ್ಲಿ ಆ ಒಂದೇ ತಪ್ಪಿರಲಿ. ಅದಕ್ಕೆ ‘ಕಂಪೈಲ್ ಫೇಲ್’ (compile_fail) ಗುರುತು, ಜೊತೆಗೆ ಎರರ್ ಕೋಡ್ ಹಾಕಿ. ಆಗ ನಿಜಕ್ಕೂ ಅದೇ ಎರರ್ ಬರುತ್ತದಾ ಎಂದು ಟೆಸ್ಟ್ ನೋಡುತ್ತದೆ.

ಪರಿಹಾರವಾಗಿ ಸುಮ್ನೆ ‘ಕ್ಲೋನ್ ಮಾಡಿ’ ಎಂದು ಬರೆಯಬೇಡಿ. ಕ್ಲೋನ್ ಇಡೀ ಸ್ಟ್ರಿಂಗನ್ನು ನಕಲು ಮಾಡುತ್ತದೆ. ಎಷ್ಟೋ ಕಡೆ ರೆಫರೆನ್ಸ್ (ನಕಲು ಮಾಡದೆ ಮೂಲವನ್ನೇ ತೋರಿಸುವುದು) ಕೊಟ್ಟರೆ ಸಾಕು, ಅದನ್ನೇ ಮೊದಲು ತೋರಿಸಿ.