ಹಳೇ ಲಾರಿಗೆ ಹೈವೇಯಲ್ಲಿ ಎಷ್ಟು ಸ್ಪೀಡು? ನನ್ನ ಅನುಭವ

ನನ್ನದು ಹಳೇ ಟಾಟಾ 1613. ಆರು ಚಕ್ರದ ಗಾಡಿ, ಐದು ಗೇರು, ಆರ್‌ಸಿ ಪ್ರಕಾರ ಲೋಡ್ ಸೇರಿ ಒಟ್ಟು ತೂಕ 16.2 ಟನ್. ಜೋರು ಬ್ರೇಕಿನಲ್ಲಿ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ದಾವಣಗೆರೆಯಿಂದ ಬೆಂಗಳೂರಿಗೆ ಮೆಕ್ಕೆಜೋಳ, ಅಕ್ಕಿ, ಕೆಲವೊಮ್ಮೆ ಮಂಡಕ್ಕಿ ಹೊಡೆಯುತ್ತೇನೆ. ಬಾಡಿಗೆ ಸಿಕ್ಕರೆ ಮಂಗಳೂರಿಗೂ ಹೋಗುತ್ತೇನೆ. ಹಳೇ ಗಾಡಿ ತಗೊಂಡ ಹುಡುಗರು ಮೊದಲು ಕೇಳುವುದು ಇದನ್ನೇ: "ಅಣ್ಣಾ, ಹೈವೇಲಿ ಎಷ್ಟರಲ್ಲಿ ಓಡಿಸ್ತೀಯ?"

ಲೋಡ್ ಇದ್ದರೆ 50ರಿಂದ 55. ಖಾಲಿ ಇದ್ದರೆ 60. ಅದರ ಮೇಲೆ ಹೋದರೆ ಓವರ್‌ಟೇಕ್ ಮುಗಿಯುವ ತನಕ ಅಷ್ಟೇ.

ಸರ್ಕಾರ 80ರವರೆಗೂ ಬಿಟ್ಟಿದೆಯಲ್ವಾ ಅಂತ ಕೆಲವರು ವಾದ ಮಾಡುತ್ತಾರೆ. ಹೌದು, 2018ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಆದೇಶದಲ್ಲಿ ಸರಕು ಗಾಡಿಗಳಿಗೆ ಮಧ್ಯೆ ಡಿವೈಡರ್ ಇರುವ ನಾಲ್ಕು ಲೇನ್ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ., ಊರೊಳಗೆ ಮತ್ತು ಬೇರೆ ರಸ್ತೆಗಳಲ್ಲಿ 60 ಅಂತ ಇದೆ. ಅದು ಅದಕ್ಕಿಂತ ಮೇಲೆ ಹೋಗಬೇಡ ಅನ್ನುವ ಲೆಕ್ಕ. ನಿನ್ನ ಗಾಡಿ ಅಷ್ಟಕ್ಕೆ ತಡೆಯುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ.

ನಾನು ಲೆಕ್ಕ ಶುರು ಮಾಡಿದ್ದು ಹೌಸಿಂಗ್‌ನಿಂದ, ಅಂದರೆ ಹಿಂದಿನ ಚಕ್ರಗಳ ಮಧ್ಯೆ ಇರುವ ಗೇರಿನ ಡಬ್ಬಿಯಿಂದ. ಕೆಲಸಕ್ಕೆ ಬಿಚ್ಚಿದಾಗ ಹಲ್ಲು ಎಣಿಸಿಕೊಂಡೆ. ಶಾಫ್ಟಿನ ಕಡೆಯ ಚಿಕ್ಕ ಗೇರು ಪಿನಿಯನ್‌ಗೆ 7, ಚಕ್ರದ ಕಡೆಯ ದೊಡ್ಡ ಗೇರು ಕ್ರೌನ್‌ಗೆ 41. ಅಂದರೆ ಚಕ್ರ ಒಂದು ಸುತ್ತು ಬರಲು ಇಂಜಿನ್ ಕಡೆಯಿಂದ ಹಿಂದಕ್ಕೆ ಬರುವ ಪ್ರೊಪೆಲ್ಲರ್ ಶಾಫ್ಟ್ ಆರಕ್ಕೆ ಸ್ವಲ್ಪ ಕಡಿಮೆ ಸುತ್ತಬೇಕು. ಟಾಪ್ ಗೇರ್‌ನಲ್ಲಿ ಇಂಜಿನ್ನೂ ಶಾಫ್ಟೂ ಸಮ ಸಮ. 10.00-20 ಟೈರು ಒಂದು ಸುತ್ತಿಗೆ ಸುಮಾರು 3.2 ಮೀಟರ್ ಹೋಗುತ್ತದೆ. ಗುಣಿಸಿ ನೋಡಿದರೆ 55ರಲ್ಲಿ ಇಂಜಿನ್ ನಿಮಿಷಕ್ಕೆ 1,700 ಸುತ್ತಿನ (ಆರ್‌ಪಿಎಂ) ಹತ್ತಿರ, 60ರಲ್ಲಿ 1,800 ದಾಟುತ್ತದೆ, 80ಕ್ಕೆ 2,400ರ ಮೇಲೆ. ಈ ಇಂಜಿನ್ ಪೂರ್ತಿ ಶಕ್ತಿ ಕೊಡುವುದೇ 2,400-2,500ರ ಸುತ್ತ. 80ರಲ್ಲಿ ಓಡಿಸುವುದು ಅಂದರೆ ದಿನವಿಡೀ ಅದರ ಕುತ್ತಿಗೆ ಹಿಡಿದು ಓಡಿಸಿದ ಹಾಗೆ. ನಿಮ್ಮ ಗಾಡಿಯ ಕ್ರೌನ್ ಪಿನಿಯನ್ ಬೇರೆ ಇರಬಹುದು, ಮೆಕ್ಯಾನಿಕ್ ಹತ್ತಿರ ಕೇಳಿಕೊಂಡು ಇದೇ ಲೆಕ್ಕ ಹಾಕಿ. ಹಾಗೇ ಫೋನಿನ ಜಿಪಿಎಸ್ ಜೊತೆ ಮೀಟರ್ ಒಮ್ಮೆ ಹೋಲಿಸಿಕೊಳ್ಳಿ. ಹಳೇ ಗಾಡಿಯ ಮುಳ್ಳನ್ನು ಪೂರ್ತಿ ನಂಬುವ ಹಾಗಿಲ್ಲ.

ಇಂಜಿನ್ ಹೋದರೆ ದುಡ್ಡು ಹೋಗುತ್ತದೆ. ಟೈರು ಹೋದರೆ ಗಾಡಿಯೇ ಹೋಗುತ್ತದೆ. ನನ್ನ ಹಿಂದಿನ ಚಕ್ರಗಳಿಗೆ ಇರುವುದು ನೈಲಾನ್ ಟೈರು. ಉಕ್ಕಿನ ತಂತಿಯ ರೇಡಿಯಲ್ ಟೈರಿಗಿಂತ ಇದು ಜಾಸ್ತಿ ಬಿಸಿಯಾಗುತ್ತದೆ. ಸ್ಪೀಡು, ತೂಕ, ಬಿಸಿಲು ಮೂರೂ ಸೇರಿದರೆ ಒಳಗಿನ ಪದರ ಬಿಡುತ್ತದೆ. ಜೋಡಿ ಟೈರಿನಲ್ಲಿ ಒಳಗಿನದರ ಗಾಳಿ ಇಳಿದಿದ್ದರೆ ಹೊರಗೆ ನಿಂತು ನೋಡಿದವರಿಗೆ ಗೊತ್ತೇ ಆಗಲ್ಲ. ಅದರ ಭಾರವನ್ನು ಹೊರಗಿನದೇ ಹೊರುತ್ತಾ ಕಾಯುತ್ತಿರುತ್ತದೆ. ಅದಕ್ಕೇ ಹಿರಿಯೂರಿನ ಹತ್ತಿರ ಟೀಗೆ ನಿಲ್ಲಿಸಿದರೆ ಟೀಗಿಂತ ಮೊದಲು ಒಂದು ಸುತ್ತು ಬರುತ್ತೇನೆ. ಟೈರ್ ಲಿವರ್‌ನಿಂದ ಒಂದೊಂದಕ್ಕೂ ಬಡಿದು ನೋಡುವುದು. ಗಾಳಿ ಸರಿ ಇದ್ದರೆ ಲಿವರ್ ಪುಟಿಯುತ್ತದೆ, ಠಣ್ ಅನ್ನುತ್ತದೆ. ಕಡಿಮೆ ಇದ್ದರೆ ಬಡಿತ ಅಲ್ಲೇ ಸತ್ತುಹೋಗುತ್ತದೆ. ಆಮೇಲೆ ಅಂಗೈ ಹಿಂಭಾಗವನ್ನು ಚಕ್ರದ ನಡುವಿನ ಹಬ್ ಹತ್ತಿರ ಹಿಡಿಯುತ್ತೇನೆ, ಮುಟ್ಟುವುದಿಲ್ಲ. ಮೂರು ಬೆಚ್ಚಗಿದ್ದು ಒಂದು ಮಾತ್ರ ಸುಡುತ್ತಿದ್ದರೆ ಬೇರಿಂಗೋ ಬ್ರೇಕ್ ಹಿಡಿದಿರುವುದೋ ಯಾವುದೋ ಒಂದು. ಕಾದ ಟೈರಿನಿಂದ ಗಾಳಿ ಬಿಡುವ ಚಟ ಕೆಲವರಿಗಿದೆ. ದಯವಿಟ್ಟು ಬೇಡ. ತಣ್ಣಗಾದ ಮೇಲೆ ಗಾಳಿ ಕಡಿಮೆಯಾಗಿ ಮುಂದೆ ಇನ್ನೂ ಜಾಸ್ತಿ ಕಾಯುತ್ತದೆ. ಸವೆದ ಮೇಲೆ ಹೊಸ ರಬ್ಬರ್ ಹಾಕಿಸಿದ ರೀಟ್ರೆಡ್ ಟೈರನ್ನು ಮುಂದಿನ ಚಕ್ರಕ್ಕೆ ನಾನು ಹಾಕುವುದಿಲ್ಲ, ಹಿಂದೆ ಮಾತ್ರ.

ಇನ್ನು ಬ್ರೇಕ್. ಕಣ್ಣು ನೋಡಿ ಕಾಲು ಒತ್ತಿ, ಏರ್ ಹೋಗಿ ಲೈನರ್ (ಬ್ರೇಕಿನ ಉಜ್ಜುವ ಪಟ್ಟಿ) ಚಕ್ರದ ಡ್ರಮ್ಮಿಗೆ ಹಿಡಿಯಲು ಎರಡು ಸೆಕೆಂಡ್ ಇಟ್ಟುಕೊಳ್ಳಿ. ಬ್ರೇಕ್ ಚೆನ್ನಾಗಿದ್ದು ರಸ್ತೆ ಒಣಗಿದ್ದರೂ 50ರಲ್ಲಿ ನಿಲ್ಲಲು ಸುಮಾರು 50 ಮೀಟರ್ ಬೇಕು. 60ರಲ್ಲಿ 70 ಹತ್ತಿರ. 80ರಲ್ಲಿ 100 ದಾಟುತ್ತದೆ. ರಾತ್ರಿ ಡಿಮ್ ಲೈಟಿನಲ್ಲಿ ನನಗೆ ಕಾಣುವುದು 50 ಮೀಟರ್ ಇದ್ದರೆ ಹೆಚ್ಚು. ಹಿಂದೆ ಲೈಟಿಲ್ಲದ ಟ್ರ್ಯಾಕ್ಟರ್ ಟ್ರಾಲಿ, ಪಂಕ್ಚರ್ ಆಗಿ ಲೇನಲ್ಲೇ ನಿಂತ ಲಾರಿ, ರಾಂಗ್ ಸೈಡಲ್ಲಿ ಬರುವ ಬೈಕು ಇವೆಲ್ಲ ಅಷ್ಟರೊಳಗೇ ಕಾಣಬೇಕು. ರಾತ್ರಿ ನಾನು 50 ದಾಟದಿರುವುದು ಇದಕ್ಕೇ.

ಹಾಗಂತ 35-40ರಲ್ಲಿ ತೆವಳುವುದೂ ಅಪಾಯವೇ. ಹಿಂದಿನಿಂದ 100ರಲ್ಲಿ ಬರುವ ಕಾರಿಗೆ ನಾವೇ ನಿಂತ ಗೋಡೆ. ಏರಿನಲ್ಲಿ ಅಷ್ಟಕ್ಕೆ ಇಳಿದರೆ ಎಡಕ್ಕೆ ಇರುತ್ತೇನೆ, ನಾಲ್ಕೂ ಇಂಡಿಕೇಟರ್ ಹಾಕುತ್ತೇನೆ. ಹಿಂದಿನ ಬಾಗಿಲಿನ ರೇಡಿಯಂ ಪಟ್ಟಿಯ ಮೇಲಿನ ಧೂಳನ್ನು ಕ್ಲೀನರ್ ದಿನಾ ಸಂಜೆ ಒರೆಸುತ್ತಾನೆ. ಬಲಗಡೆ ಲೇನ್ ಹಿಡಿದು ಬಿಡದೇ ಹೋಗುವ ನಮ್ಮವರ ಅಭ್ಯಾಸ ನನಗಂತೂ ಸೇರುವುದಿಲ್ಲ.

ಖಾಲಿ ಗಾಡಿ ಅಂದರೆ ಹಾರಿಸಬಹುದು ಅನ್ನುವುದು ಸುಳ್ಳು. ತೂಕ ಇಲ್ಲದಿದ್ದರೆ ಹಿಂದಿನ ಕಮಾನು ಪಟ್ಟಿ ಬಗ್ಗುವುದೇ ಇಲ್ಲ, ಚಕ್ರ ಕುಣಿಯುತ್ತದೆ. ಜೋರಾಗಿ ಬ್ರೇಕ್ ಹೊಡೆದರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿಯ ಹಿಂಭಾಗ ಪಕ್ಕಕ್ಕೆ ಬರುತ್ತದೆ. ಮಳೆ ಹನಿದಾಗ ಖಾಲಿ ಗಾಡಿಗೂ 50 ಸಾಕು.

ಮಂಡಕ್ಕಿ ಲೋಡ್ ಇನ್ನೊಂದು ಕಥೆ. ತೂಕ ಇಲ್ಲ, ಎತ್ತರ ವಿಪರೀತ. ಆಷಾಢದಲ್ಲಿ ಚಿತ್ರದುರ್ಗದ ಗಾಳಿಯಂತ್ರಗಳ ಹತ್ತಿರ ಪಕ್ಕದಿಂದ ಗಾಳಿ ತಳ್ಳುತ್ತದೆ. ಸ್ಟೇರಿಂಗ್ ಪ್ಲೇ, ಅಂದರೆ ಸಡಿಲ ಇರುವ ಗಾಡಿಯಾದರೆ ಒಂದಡಿ ಆಚೆ ಹೋಗಿ ಈಚೆ ಬರುತ್ತದೆ. ಅಲ್ಲಿ 45ಕ್ಕೆ ಇಳಿಸುತ್ತೇನೆ.

ಶಿರಾಡಿ ಘಾಟಿ ಇಳಿಯುವಾಗ ಮೀಟರ್ ನೋಡುವುದೇ ಇಲ್ಲ. ಯಾವ ಗೇರಲ್ಲಿ ಹತ್ತಬೇಕೋ ಅದೇ ಗೇರಲ್ಲಿ ಇಳಿಯುವುದು. ಇಂಜಿನ್ ಹೊಗೆಯನ್ನು ತಡೆದು ಗಾಡಿ ನಿಧಾನಿಸುವ ಎಕ್ಸಾಸ್ಟ್ ಬ್ರೇಕ್ ಹಾಕಿ, ಏರ್ ಗೇಜ್ ಮೇಲೆ ಒಂದು ಕಣ್ಣಿಟ್ಟಿರುತ್ತೇನೆ. ಲೈನರ್ ಸುಟ್ಟ ವಾಸನೆ ಬಂದರೆ ಜಾಗ ನೋಡಿ ನಿಲ್ಲಿಸುವುದೇ, ಮಾತೇ ಇಲ್ಲ.

ಟೈಮ್ ಹೋಗಲ್ವಾ ಅಂದರೆ, ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿ.ಮೀ. 65ರಲ್ಲಿ ಹೋದರೆ ನಾಲ್ಕು ಗಂಟೆ, 55ರಲ್ಲಿ ಮುಕ್ಕಾಲು ಗಂಟೆ ಜಾಸ್ತಿ. ಅದೂ ಕಾಗದದ ಮೇಲೆ. ಟೋಲು, ನೆಲಮಂಗಲದ ಜಾಮು ಸೇರಿದರೆ ಅರ್ಧಕ್ಕರ್ಧ ಕರಗಿಹೋಗುತ್ತದೆ. ಡೀಸೆಲ್ ಮಾತ್ರ ಕರಗದೆ ಲೆಕ್ಕಕ್ಕೆ ಬರುತ್ತದೆ. ಲೋಡ್‌ನಲ್ಲಿ 55ಕ್ಕೆ ಲೀಟರಿಗೆ ಐದರ ಹತ್ತಿರ ಕೊಡುವ ಗಾಡಿ 70ಕ್ಕೆ ಹೊಡೆದರೆ ನಾಲ್ಕರ ಕಡೆ ಜಾರುತ್ತದೆ. ಎತ್ತರದ ಗಾಡಿಗೆ ಗಾಳಿ ಒಡ್ಡುವ ತಡೆ ಸ್ಪೀಡಿನ ವರ್ಗದಷ್ಟು ಏರುತ್ತದಲ್ಲ.

ಏಜೆಂಟರು "ಬೆಳಿಗ್ಗೆ ಆರಕ್ಕೆ ಅನ್‌ಲೋಡ್ ಆಗ್ಬೇಕು" ಅಂದರೆ ಲೋಡ್ ಮುಗಿಸಿ ಹಿಂದಿನ ಸಂಜೆ ಆರಕ್ಕೇ ಗಾಡಿ ಬಿಡಲು ಕೇಳುತ್ತೇನೆ. ಹನ್ನೆರಡು ಗಂಟೆಗೆ ಲೋಡ್ ಕೊಟ್ಟು ಆರಕ್ಕೆ ಬಾ ಅಂದರೆ, "ಎಂಟಕ್ಕೆ ಬರ್ತೀನಿ ಸಾರ್, ಪಾರ್ಟಿಗೆ ಈಗ್ಲೇ ಹೇಳ್ಬಿಡಿ" ಅನ್ನುತ್ತೇನೆ. ಒಪ್ಪದಿದ್ದರೆ ಆ ಬಾಡಿಗೆ ಬೇರೆಯವರಿಗೆ.