ಹೊಸ ಸೈಡ್-ಬೈ-ಸೈಡ್‌ನ ಕಸುವು ಹೆಚ್ಚಿಸುವುದು: ಎಂಜಿನ್‌ಗೆ ಕೈಹಾಕುವುದು ಕಟ್ಟಕಡೆಗೆ

ಹೊಸ ಸೈಡ್-ಬೈ-ಸೈಡ್ ಗಾಡಿ (ಅಕ್ಕಪಕ್ಕ ಕುಳಿತು ಕಚ್ಚಾ ದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ) ಮನೆಗೆ ಬರುವ ಮೊದಲೇ ಅದಕ್ಕೆ ಏನೇನು ಹಾಕಿಸಬೇಕು ಎಂಬ ಪಟ್ಟಿ ಸಿದ್ಧವಾಗಿರುತ್ತದೆ. ದೊಡ್ಡ ಟೈರ್, ಗಾಡಿಯನ್ನು ಎತ್ತರಿಸುವ ಲಿಫ್ಟ್ ಕಿಟ್, ಹೊಸ ಸೈಲೆನ್ಸರ್, ಎಂಜಿನ್ ಟ್ಯೂನ್ (ಎಂಜಿನ್ ನಡೆಸುವ ಕಂಪ್ಯೂಟರ್‌ನ ಲೆಕ್ಕ ಬದಲಿಸುವುದು). ನಾನು ಈವರೆಗೆ ಮೂರು ಗಾಡಿಗಳನ್ನು ಸಜ್ಜುಗೊಳಿಸಿದ್ದೇನೆ. ಎರಡು ಹೊರೆ ಹೊರುವ ಕೆಲಸದ ಗಾಡಿಗಳು, ಒಂದು ಓಟದ್ದು. ಮೊದಲ ಗಾಡಿಗೆ ಪಟ್ಟಿಯಲ್ಲಿದ್ದ ಎಲ್ಲವನ್ನೂ ಒಂದೇ ವಾರದಲ್ಲಿ ಹಾಕಿಸಿದೆ. ಗಾಡಿ ಬದಲಾದದ್ದು ನಿಜ, ಆದರೆ ಯಾವುದರಿಂದ ಒಳ್ಳೆಯದಾಯಿತು, ಯಾವುದರಿಂದ ಕೆಟ್ಟಿತು ಎಂದು ಹೇಳಲು ಯಾವ ದಾರಿಯೂ ಉಳಿಯಲಿಲ್ಲ. ಆಮೇಲಿನ ಎರಡು ಗಾಡಿಗಳಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಿದೆ, ಪ್ರತಿ ಸಲವೂ ಅಳೆದು ಬರೆದಿಟ್ಟೆ. ಇಲ್ಲಿ ಹೇಳುತ್ತಿರುವುದು ಆ ಕ್ರಮವನ್ನು.

ಅಳೆಯಲು ದುಬಾರಿ ಸಲಕರಣೆ ಬೇಕಿಲ್ಲ, ಒಂದು ಏರು ಸಾಕು. ನಾನು ಆರಿಸಿಕೊಂಡಿರುವುದು ಸುಮಾರು 120 ಮೀಟರ್ ಉದ್ದದ್ದು. ಉದ್ದಕ್ಕೂ ಸಡಿಲ ಜಲ್ಲಿ, ನಡುವೆ ಬಲಕ್ಕೊಂದು ತಿರುವು, ಆ ತಿರುವಿನಲ್ಲೇ ಒಂದರ ಹಿಂದೊಂದು ಮೂರು ಗುಂಡಿ. ಹಿಂದಿನ ತೊಟ್ಟಿಯಲ್ಲಿ 100 ಕಿಲೋ ಮರಳಿನ ಚೀಲಗಳನ್ನು ಬಿಗಿದು ಕಟ್ಟಿ, ಬುಡದಲ್ಲಿ ಗಾಡಿಯನ್ನು ಪೂರ್ತಿ ನಿಲ್ಲಿಸಿ, ಅಲ್ಲಿಂದ ತುದಿಯವರೆಗೆ ಹತ್ತಿಸುತ್ತೇನೆ. ಮೂರು ಸಲ ಹತ್ತಿಸಿದಾಗ ಬರುವ ಸಮಯಗಳಲ್ಲಿ ನಡುವಿನದನ್ನು ಬರೆದುಕೊಳ್ಳುತ್ತೇವೆ. ಸ್ಟಾಪ್‌ವಾಚ್ ಹಿಡಿದು ದಾರಿಯಿಂದ ದೂರ, ತುದಿಯ ಬಂಡೆಯ ಹಿಂದೆ ನಿಲ್ಲುವವಳು ನನ್ನ ಮಗಳು. ನೋಟ್‌ಬುಕ್ಕೂ ಅವಳದೇ. ಹೆಲ್ಮೆಟ್ ಮತ್ತು ಸೀಟ್ ಬೆಲ್ಟ್ ಇಲ್ಲದೆ ಒಂದು ಸುತ್ತನ್ನೂ ಅವಳು ಲೆಕ್ಕಕ್ಕೆ ಹಿಡಿಯುವುದಿಲ್ಲ. ಈಗಿನ ಗಾಡಿ ಹೊಸದಾಗಿ ಬಂದಾಗ ಆ ಏರಿನ ಸಮಯ 17.8 ಸೆಕೆಂಡ್.

ಮೊದಲ 25 ಗಂಟೆ

ಈ ಅವಧಿಯಲ್ಲಿ ಏನನ್ನೂ ಬದಲಿಸಬೇಡಿ. ಪಿಸ್ಟನ್ ರಿಂಗ್‌ಗಳು ಸಿಲಿಂಡರ್‌ನ ಗೋಡೆಗೆ ಹೊಂದಿಕೊಳ್ಳಬೇಕು, ಗೇರ್ ಹಲ್ಲುಗಳು ಪಳಗಬೇಕು, ಎಂಜಿನ್‌ನ ಬಲ ಸಾಗಿಸುವ ಬೆಲ್ಟ್ ಪುಲ್ಲಿಗಳ ಮೇಲೆ ಸರಿಯಾಗಿ ಕೂರಬೇಕು. ಒಂದೇ ವೇಗದಲ್ಲಿ ಓಡಿಸದೆ, ಪೂರ್ತಿ ಎಕ್ಸಲರೇಟರ್ ಒತ್ತದೆ, ಏರಿಳಿತ ಕೊಡುತ್ತ ಓಡಿಸಿ. ಮೊದಲ ಸರ್ವಿಸ್‌ನಲ್ಲಿ ಎಂಜಿನ್ ಆಯಿಲ್ ಜೊತೆಗೆ ಡಿಫರೆನ್ಷಿಯಲ್ (ಎಡ-ಬಲ ಚಕ್ರಗಳಿಗೆ ಬಲ ಹಂಚುವ ಗೇರ್‌ಗಳ ಪೆಟ್ಟಿಗೆ) ಆಯಿಲ್ಲನ್ನೂ ನೋಡಿಸಿ. ಅಯಸ್ಕಾಂತವಿರುವ ಡ್ರೈನ್ ಬೋಲ್ಟ್ ಆಗಿದ್ದರೆ ಅದರ ತುದಿಯನ್ನು ಬೆರಳಿನಿಂದ ಸವರಿ. ಬೂದು ಬಣ್ಣದ ನುಣ್ಣನೆಯ ಲೇಪ ಸಹಜ. ಉಗುರಿಗೆ ಸಿಗುವಂಥ ಚೂರು ಸಿಕ್ಕರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ, ವಾರಂಟಿಯ ಮಾತು ಎತ್ತಿ.

ಈ ದಿನಗಳಲ್ಲಿ ಮಾಡಬಹುದಾದ ಒಂದು ಕೆಲಸವಿದೆ. ಟಾರ್ಕ್ ರೆಂಚ್ ಹಿಡಿದು ಸಸ್ಪೆನ್ಷನ್ ತೋಳುಗಳ, ಚಕ್ರಗಳ, ಸ್ಟಿಯರಿಂಗ್ ರಾಡ್‌ಗಳ ಬೋಲ್ಟ್‌ಗಳನ್ನು ಕೈಪಿಡಿಯಲ್ಲಿರುವ ಅಳತೆಗೆ ಬಿಗಿದು, ಪ್ರತಿ ಬೋಲ್ಟ್‌ನ ತಲೆಯಿಂದ ಪಕ್ಕದ ಲೋಹದವರೆಗೆ ಬಿಳಿ ಪೇಂಟ್ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಬೋಲ್ಟ್ ಒಂದಿಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಪ್ರತಿ ಸವಾರಿಗೆ ಮೊದಲು ಗಾಡಿಯನ್ನು ಒಂದು ಸುತ್ತು ಹಾಕಿ ಟಾರ್ಚ್ ಬಿಟ್ಟರೆ ಎರಡು ನಿಮಿಷದಲ್ಲಿ ತಪಾಸಣೆ ಮುಗಿಯುತ್ತದೆ. ನನ್ನ ಈ ಗಾಡಿಯಲ್ಲಿ ಹಿಂದಿನ ಎಡ ಶಾಕ್ ಅಬ್ಸಾರ್ಬರ್‌ನ ಕೆಳಗಿನ ಬೋಲ್ಟ್ ಸಡಿಲವಾಗಿದ್ದು ಹೀಗೆಯೇ ಕಣ್ಣಿಗೆ ಬಿತ್ತು.

ದುಡ್ಡು ಬೇಡದ ಬದಲಾವಣೆಗಳು

ಟೈರ್‌ನ ಗಾಳಿಯಿಂದ ಆರಂಭಿಸಿ. ಈ ಗಾಡಿಗಳ ಟೈರ್‌ಗಳಿಗೆ ಕಾರಿಗಿಂತ ಬಹಳ ಕಡಿಮೆ ಗಾಳಿ ಸಾಕು. ಹಾಗಾಗಿ 100ರವರೆಗೆ ತೋರಿಸುವ ಗೇಜ್ ಇಲ್ಲಿ ಉಪಯೋಗಕ್ಕಿಲ್ಲ, 30 ಪಿಎಸ್‌ಐವರೆಗಿನ ಸಣ್ಣ ಗೇಜ್ ಇಟ್ಟುಕೊಳ್ಳಿ. ಗಾಡಿಯ ಮೇಲಿನ ಸ್ಟಿಕ್ಕರ್‌ನಲ್ಲಿ ಖಾಲಿ ಗಾಡಿಗೆ ಎಷ್ಟು, ಹೊರೆಗೆ ಎಷ್ಟು ಎಂದು ಬರೆದಿರುತ್ತದೆ. ಟೈರ್ ತಣ್ಣಗಿರುವಾಗ ಅಳೆದು, ಆ ಮಿತಿಯೊಳಗೆ ಒಂದೊಂದೇ ಪಿಎಸ್‌ಐ ಇಳಿಸುತ್ತ ಹೋಗಿ. ಮಿತಿಗಿಂತ ಕೆಳಗಿಳಿಸಿದರೆ ಓರೆಯಾದ ಬಂಡೆಯ ಮೇಲೆ ಟೈರ್ ರಿಮ್ಮಿನಿಂದ ಕಳಚಿಕೊಳ್ಳುತ್ತದೆ.

ಆಮೇಲೆ ಸಸ್ಪೆನ್ಷನ್. ಹೊಸ ಗಾಡಿಯ ಸ್ಪ್ರಿಂಗ್‌ಗಳನ್ನು ಯಾರೋ ಒಬ್ಬ ಸರಾಸರಿ ಸವಾರನ ತೂಕಕ್ಕೆ ಹೊಂದಿಸಿರುತ್ತಾರೆ, ನಿಮ್ಮದಕ್ಕಲ್ಲ. ಗಾಡಿಯನ್ನು ಜ್ಯಾಕ್ ಮೇಲೆತ್ತಿ ಚಕ್ರ ನೇತಾಡುವಂತೆ ಮಾಡಿ, ಚಕ್ರದ ನಡುವಿನಿಂದ ನೇರ ಮೇಲಿರುವ ಮಡ್‌ಗಾರ್ಡ್‌ನ ಅಂಚಿನವರೆಗೆ ಅಳೆಯಿರಿ. ಗಾಡಿ ಇಳಿಸಿ, ನೀವು ಎಂದಿನಂತೆ ಕುಳಿತು, ಎಂದಿನ ಹೊರೆ ಹೇರಿ, ಇನ್ನೊಬ್ಬರಿಂದ ಅದೇ ಅಳತೆ ತೆಗೆಸಿ. ಎರಡರ ನಡುವಿನ ವ್ಯತ್ಯಾಸವೇ ಗಾಡಿ ಕುಸಿಯುವ ಪ್ರಮಾಣ. ಚಕ್ರದ ಒಟ್ಟು ಮೇಲೆ-ಕೆಳಗಿನ ಓಡಾಟದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಅದು ಇರುವಂತೆ ನಾನು ನೋಡಿಕೊಳ್ಳುತ್ತೇನೆ. ಆ ಓಡಾಟ 25 ಸೆಂಟಿಮೀಟರ್ ಇದ್ದರೆ ಏಳೆಂಟು ಸೆಂಟಿಮೀಟರ್ ಕುಸಿತ ಸರಿ. ಹೆಚ್ಚಾಗಿದ್ದರೆ ಸ್ಪ್ರಿಂಗ್‌ನ ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಅದುಮಿಡುವ ಹೊಂದಾಣಿಕೆ) ಬಿಗಿ ಮಾಡಿ, ಕಡಿಮೆಯಾಗಿದ್ದರೆ ಸಡಿಲಿಸಿ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಜ್ಯಾಕ್ ಇಳಿಸಿದ ತಕ್ಷಣ ಅಳೆದರೆ ಲೆಕ್ಕ ತಪ್ಪುತ್ತದೆ. ನೇತಾಡುವಾಗ ಒಳಕ್ಕೆ ಸರಿದ ಚಕ್ರಗಳು ನೆಲ ಮುಟ್ಟಿದ ಮೇಲೂ ಅಲ್ಲೇ ಕಚ್ಚಿಕೊಂಡು ಗಾಡಿಯನ್ನು ಮೇಲಕ್ಕೆ ಹಿಡಿದಿರುತ್ತವೆ. ಹತ್ತು ಹೆಜ್ಜೆ ಮುಂದಕ್ಕೆ ಉರುಳಿಸಿ, ಮೂತಿಯನ್ನೂ ಹಿಂಭಾಗವನ್ನೂ ಎರಡೆರಡು ಸಲ ಒತ್ತಿ ಬಿಟ್ಟು, ಆಮೇಲೆ ಟೇಪ್ ಹಿಡಿಯಿರಿ. ಹೊಸ ಸ್ಪ್ರಿಂಗ್‌ಗಳು ಕೆಲವು ನೂರು ಕಿಲೋಮೀಟರ್‌ನಲ್ಲಿ ಸ್ವಲ್ಪ ಕೂರುತ್ತವೆ, ಆಗ ಇನ್ನೊಮ್ಮೆ ಅಳೆಯಿರಿ.

ಶಾಕ್ ಅಬ್ಸಾರ್ಬರ್‌ನಲ್ಲಿ ರೀಬೌಂಡ್ (ಕುಸಿದ ಸ್ಪ್ರಿಂಗ್ ಮೇಲೇಳುವ ವೇಗ) ಹೊಂದಿಸುವ ತಿರುಪು ಇದ್ದರೆ, ಮೊದಲು ಅದನ್ನು ಪೂರ್ತಿ ಮುಚ್ಚುತ್ತ ಎಷ್ಟು ಕ್ಲಿಕ್ ಆಯಿತು ಎಂದು ಎಣಿಸಿ ಬರೆದುಕೊಳ್ಳಿ. ಅದೇ ನಿಮ್ಮ ಕಾರ್ಖಾನೆಯ ಲೆಕ್ಕ, ಎಂದಾದರೂ ಅಲ್ಲಿಗೆ ಮರಳಬೇಕಾಗುತ್ತದೆ. ರೀಬೌಂಡ್ ನಿಧಾನವಾಗಿದ್ದರೆ ಮೊದಲ ಗುಂಡಿಯಲ್ಲಿ ಕುಸಿದ ಸ್ಪ್ರಿಂಗ್ ಮೇಲೇಳುವ ಮೊದಲೇ ಎರಡನೆಯದು ಬಂದಿರುತ್ತದೆ, ಮೂರನೆಯದರಲ್ಲಿ ಗಾಡಿ ದಡ್ ಎಂದು ತಳ ಹೊಡೆಯುತ್ತದೆ. ತೀರ ವೇಗವಾಗಿದ್ದರೆ ಹಿಂಭಾಗ ಒದೆಯುತ್ತದೆ. ನನ್ನ ಏರಿನ ಮೂರು ಗುಂಡಿಗಳಲ್ಲಿ ಮೂರನೆಯದೇ ಒರಟಾಗಿತ್ತು. ಹಿಂದಿನ ಎರಡೂ ಶಾಕ್‌ಗಳಲ್ಲಿ ಎರಡೆರಡು ಕ್ಲಿಕ್ ತೆರೆದೆ, ಮರುದಿನ ಇನ್ನೊಂದು. ಗಾಳಿ ಮತ್ತು ಸಸ್ಪೆನ್ಷನ್ ಎರಡರ ಹೊಂದಾಣಿಕೆ ಮುಗಿದಾಗ ಏರಿನ ಸಮಯ 16.1 ಸೆಕೆಂಡ್‌ಗೆ ಇಳಿದಿತ್ತು. ಒಂದು ಬಿಡಿಭಾಗವನ್ನೂ ಕೊಳ್ಳದೆ ಇಷ್ಟು ಸಿಕ್ಕಿದ್ದನ್ನು ಕಂಡು ನನಗಾದ ಸಂತೋಷ ದೊಡ್ಡದು.

ದೊಡ್ಡ ಟೈರ್ ಕೊಡುವುದೇನು, ಕಿತ್ತುಕೊಳ್ಳುವುದೇನು

27 ಇಂಚಿನಿಂದ 30 ಇಂಚಿಗೆ ಹೋದರೆ ನೆಲದಿಂದ ಸಿಗುವ ಎತ್ತರ ಮೂರು ಇಂಚಲ್ಲ, ಒಂದೂವರೆ. ಚಕ್ರದ ಅರ್ಧ ಮಾತ್ರ ಆಕ್ಸಲ್‌ನ ಕೆಳಗಿರುವುದರಿಂದ ಹೀಗೆ. ಆ ಒಂದೂವರೆ ಇಂಚಿಗೆ ಕೊಡಬೇಕಾದ ಬೆಲೆಯೂ ಇದೆ. ಚಕ್ರ ಒಂದು ಸುತ್ತು ತಿರುಗಿದರೆ ಗಾಡಿ ಶೇಕಡಾ 11ರಷ್ಟು ಹೆಚ್ಚು ದೂರ ಹೋಗುತ್ತದೆ, ಅಂದರೆ ನೆಲವನ್ನು ತಳ್ಳುವ ಬಲ ಶೇಕಡಾ 10 ಕಡಿಮೆಯಾಗುತ್ತದೆ. ಸ್ಪೀಡೋಮೀಟರ್ 40 ತೋರಿಸುವಾಗ ನೀವು 44ರ ಮೇಲೆ ಹೋಗುತ್ತಿರುತ್ತೀರಿ. ತೂಕವೂ ಸೇರುತ್ತದೆ. ನನ್ನ ಹಳೆಯ ಚಕ್ರ ರಿಮ್ ಸಮೇತ 18 ಕಿಲೋ ತೂಗುತ್ತಿತ್ತು, ಹೊಸದು 26. ನಾಲ್ಕಕ್ಕೆ 32 ಕಿಲೋ. ಅದೂ ಸ್ಪ್ರಿಂಗ್‌ನ ಕೆಳಗೆ, ತಿರುಗುವ ಜಾಗದಲ್ಲಿ. ಬ್ರೇಕ್, ಸಿವಿ ಜಾಯಿಂಟ್ (ಚಕ್ರಕ್ಕೆ ಬಲ ಸಾಗಿಸುವ ಬಾಗುವ ಸಂದು), ಸ್ಟಿಯರಿಂಗ್ ರಾಡ್ ಎಲ್ಲದರ ಮೇಲೂ ಅದರ ಭಾರ ಬೀಳುತ್ತದೆ.

ದೊಡ್ಡ ಟೈರ್ ಹಾಕಿ ಮೂರು ಸುತ್ತು ಮುಗಿಸಿ ಮೇಲೆ ಬಂದಾಗ ಮಗಳು ನೋಟ್‌ಬುಕ್ ತಿರುಗಿಸಿ ತೋರಿಸಿದಳು: “ಅಪ್ಪ, ಟೈರ್ ದೊಡ್ಡದಾಯಿತು, ಗಾಡಿ ನಿಧಾನವಾಯಿತು.” 16.9 ಸೆಕೆಂಡ್. ಆದರೂ ಟೈರ್ ಬಿಚ್ಚಲಿಲ್ಲ. ಕಲ್ಲಿನ ಹಳ್ಳ ದಾಟುವಾಗ ಹಿಂದೆಲ್ಲ ಹೊಟ್ಟೆ ಉಜ್ಜುತ್ತಿದ್ದ ಎರಡು ಬಂಡೆಗಳನ್ನು ಅದು ಸದ್ದಿಲ್ಲದೆ ದಾಟಿತ್ತು. ನಿಮ್ಮ ದಾರಿಯಲ್ಲಿ ಅಂಥ ಬಂಡೆ ಇಲ್ಲದಿದ್ದರೆ ಮೂಲ ಅಳತೆಯಲ್ಲೇ ಉಳಿದು, ಹಿಡಿತ ಹೆಚ್ಚಿರುವ ಅಚ್ಚಿನ ಟೈರ್ ಆರಿಸಿ. ಹೊಸ ಚಕ್ರ ಹಾಕಿದ 50 ಕಿಲೋಮೀಟರ್‌ಗೆ ನಟ್‌ಗಳನ್ನು ಮತ್ತೊಮ್ಮೆ ಟಾರ್ಕ್ ಮಾಡುವುದನ್ನು ಮರೆಯಬೇಡಿ.

ಲಿಫ್ಟ್ ಕಿಟ್ ನಾನು ಹಾಕುವುದಿಲ್ಲ. ಅದು ಗಾಡಿಯ ಭಾರದ ಕೇಂದ್ರವನ್ನು ಮೇಲೆತ್ತಿ ಪಕ್ಕದ ಇಳಿಜಾರಿನಲ್ಲಿ ಉರುಳುವ ಅಪಾಯ ಹೆಚ್ಚಿಸುತ್ತದೆ, ಸಿವಿ ಜಾಯಿಂಟ್‌ಗಳನ್ನು ಸದಾ ಓರೆಯಲ್ಲಿ ತಿರುಗಿಸಿ ಬೇಗ ಸವೆಸುತ್ತದೆ.

ಬೆಲ್ಟ್ ಮತ್ತು ಕ್ಲಚ್

ಕಳೆದುಹೋದ ಕಸುವು ಮರಳಿ ಸಿಗುವುದು ಇಲ್ಲಿ. ಪೊಲಾರಿಸ್ ರೇಂಜರ್, ಕ್ಯಾನ್-ಆ್ಯಮ್ ಡಿಫೆಂಡರ್ ಮುಂತಾದ ಬಹುಪಾಲು ಗಾಡಿಗಳಲ್ಲಿ ಎಂಜಿನ್‌ನ ಬಲ ಚಕ್ರಕ್ಕೆ ಹೋಗುವುದು ರಬ್ಬರ್ ಬೆಲ್ಟ್ ಮೂಲಕ. ಹೋಂಡಾ ಪಯೊನೀರ್ 1000ದಲ್ಲಿ ಬೆಲ್ಟ್ ಇಲ್ಲ, ಎರಡು ಕ್ಲಚ್‌ಗಳ ಗೇರ್‌ಬಾಕ್ಸ್ ಇದೆ. ಅಂಥ ಗಾಡಿಯವರು ಈ ಭಾಗ ಬಿಟ್ಟು ಮುಂದಕ್ಕೆ ಹೋಗಬಹುದು.

ಈ ಬೆಲ್ಟ್ ಓಡುವ ಎರಡು ಪುಲ್ಲಿಗಳನ್ನೇ ಕ್ಲಚ್ ಎನ್ನುತ್ತಾರೆ. ಎಂಜಿನ್ ಕಡೆಯ ಪುಲ್ಲಿಯೊಳಗೆ ಸಣ್ಣ ತೂಕಗಳಿವೆ. ಎಂಜಿನ್ ವೇಗ ಏರಿದಂತೆ ಅವು ಹೊರಕ್ಕೆ ಚಿಮ್ಮಿ ಪುಲ್ಲಿಯ ಎರಡು ತಟ್ಟೆಗಳನ್ನು ಹತ್ತಿರ ತಳ್ಳುತ್ತವೆ, ಬೆಲ್ಟ್ ಮೇಲಕ್ಕೆ ಹತ್ತುತ್ತದೆ. ಚಕ್ರದ ಕಡೆಯ ಪುಲ್ಲಿ ತನ್ನ ಸ್ಪ್ರಿಂಗ್‌ಗೆ ಎದುರಾಗಿ ಬಾಯಿ ತೆರೆಯುತ್ತದೆ, ಅಲ್ಲಿ ಬೆಲ್ಟ್ ಕೆಳಗಿಳಿಯುತ್ತದೆ. ಗೇರ್ ಬದಲಾಗುವುದೆಂದರೆ ಇದೇ. ತೂಕ ಹೆಚ್ಚಿದ್ದರೆ ಎಂಜಿನ್ ವೇಗ ಏರುವ ಮೊದಲೇ ಬೆಲ್ಟ್ ಮೇಲೆ ಹತ್ತಿಬಿಡುತ್ತದೆ, ಹಗುರವಾಗಿದ್ದರೆ ಎಂಜಿನ್ ಹೆಚ್ಚು ತಿರುಗಿದ ಮೇಲೆ ಹತ್ತುತ್ತದೆ.

ಪರೀಕ್ಷೆ ಹೀಗೆ: ಏರಿನಲ್ಲಿ ಪೂರ್ತಿ ಎಕ್ಸಲರೇಟರ್ ಒತ್ತಿದಾಗ ಎಂಜಿನ್ ಯಾವ ಆರ್‌ಪಿಎಂನಲ್ಲಿ ನಿಲ್ಲುತ್ತದೆ ನೋಡಿ. ಅದು ತಯಾರಕರು ಗರಿಷ್ಠ ಶಕ್ತಿಗೆ ಹೇಳಿರುವ ಸಂಖ್ಯೆಯ ಸಮೀಪ ಇರಬೇಕು. ನನ್ನ ಗಾಡಿಯಲ್ಲಿ ಮೊದಲು 6,500 ಇದ್ದದ್ದು ದೊಡ್ಡ ಟೈರ್ ಹಾಕಿದ ಮೇಲೆ 6,200ಕ್ಕೆ ಇಳಿದಿತ್ತು. ಹಗುರ ತೂಕ ಮತ್ತು ಆ ಟೈರ್ ಅಳತೆಗೆ ಹೊಂದುವ ಸ್ಪ್ರಿಂಗ್ ಇರುವ ಕ್ಲಚ್ ಕಿಟ್ ಹಾಕಿದ ಮೇಲೆ 6,500ಕ್ಕೆ ಮರಳಿತು. ಏರಿನ ಸಮಯ 15.6 ಸೆಕೆಂಡ್. ಎಂಜಿನ್ ಮುಟ್ಟಿರಲೇ ಇಲ್ಲ.

ಕ್ಲಚ್ ಬಿಚ್ಚಿದಾಗ ಪುಲ್ಲಿಯ ತಟ್ಟೆಗಳನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ. ಕಪ್ಪು ರಬ್ಬರ್ ಪುಡಿಯೂ ಬೆರಳಿನ ಜಿಡ್ಡೂ ಬೆಲ್ಟ್ ಜಾರಲು ಕಾರಣ, ಜಾರಿದ ಬೆಲ್ಟ್ ಬಿಸಿಯಾಗಿ ಸಾಯುತ್ತದೆ. ಬೆಲ್ಟ್ ಮೇಲಿನ ಬಾಣದ ಗುರುತು ತಿರುಗುವ ದಿಕ್ಕಿಗೇ ಇರಲಿ. ಹೊಸ ಬೆಲ್ಟ್‌ಗೆ ಮೊದಲ 50 ಕಿಲೋಮೀಟರ್ ಮೃದುವಾದ ಸವಾರಿ ಕೊಡಿ. ಹೊರೆ ಎಳೆಯುವಾಗ, ಕಲ್ಲಿನ ಮೇಲೆ ತೆವಳುವಾಗ, ಕೆಸರಿನಲ್ಲಿ ಲೋ ಗೇರ್ ಹಾಕುವುದು ಬೆಲ್ಟ್ ಉಳಿಸುವ ಎಲ್ಲ ಉಪಾಯಗಳಿಗಿಂತ ದೊಡ್ಡದು. ಕ್ಲಚ್ ಮುಚ್ಚಳದೊಳಗೆ ಶಾಖ ತೋರಿಸುವ ಸಣ್ಣ ಸೆನ್ಸರ್ ಹಾಕಿದ್ದೇನೆ. 95 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪಕ್ಕಕ್ಕೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲು ಬಿಟ್ಟು ತಣಿಸುತ್ತೇನೆ.

ಗಾಳಿ, ವಿಂಚ್, ದೀಪ

ಹೆಚ್ಚು ಗಾಳಿ ಎಳೆಯುತ್ತದೆ ಎಂಬ ಮಾತು ನಂಬಿ ನನ್ನ ಎರಡನೆಯ ಗಾಡಿಗೆ ಒಂದು ಫಿಲ್ಟರ್ ತಂದು ಹಾಕಿದ್ದೆ. ನಾಲ್ಕನೆಯ ಸವಾರಿಯ ನಂತರ ಫಿಲ್ಟರ್ ತೆಗೆದು, ಅದರ ಹಿಂದಿನ ಕೊಳವೆಯೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿದೆ. ಬಟ್ಟೆಯ ಮೇಲೆ ಕೆಂಪು ಗೆರೆ ಮೂಡಿತು. ಅಷ್ಟು ಧೂಳು ಎಂಜಿನ್‌ನೊಳಗೆ ಹೋಗುತ್ತಿತ್ತು. ಅಂದೇ ಮೂಲ ಫಿಲ್ಟರ್ ಮರಳಿ ಹಾಕಿದೆ. ಈ ಬಿಳಿ ಬಟ್ಟೆಯ ಪರೀಕ್ಷೆಯನ್ನು ಪ್ರತಿ ತಿಂಗಳೂ ಮಾಡಿ. ಕಾಗದದ ಫಿಲ್ಟರ್‌ಗೆ ಕಂಪ್ರೆಸರ್ ಗಾಳಿ ಊದಬೇಡಿ, ಅದರ ರಂಧ್ರಗಳು ಹರಿಯುತ್ತವೆ. ಧೂಳಿನಲ್ಲಿ ಹೆಚ್ಚು ಓಡಿಸುವವರು ಫಿಲ್ಟರ್‌ಗೆ ಮುಂಚೆಯೇ ಧೂಳನ್ನು ಬೇರ್ಪಡಿಸುವ ಸೆಪರೇಟರ್ ಹಾಕಿಸುವುದು ಒಳ್ಳೆಯ ಖರ್ಚು.

ವಿಂಚ್‌ನ (ಸಿಕ್ಕಿಬಿದ್ದ ಗಾಡಿಯನ್ನು ಹಗ್ಗದಿಂದ ಎಳೆಯುವ ಯಂತ್ರ) ಸಾಮರ್ಥ್ಯ ಹೊರೆ ಸಮೇತ ಗಾಡಿಯ ತೂಕದ ಒಂದೂವರೆ ಪಟ್ಟು ಇರಲಿ. 1,200 ಕಿಲೋಗೆ 1,800 ಕಿಲೋ ಎಳೆಯುವುದು ಬೇಕು. ಹಗ್ಗ ಡ್ರಮ್ಮಿಗೆ ತಾಗಿದ ಮೊದಲ ಪದರದಲ್ಲಿದ್ದಾಗ ಮಾತ್ರ ಅದು ಪೂರ್ತಿ ಬಲದಿಂದ ಎಳೆಯುತ್ತದೆ. ದೀಪಗಳನ್ನು ಸೇರಿಸುವ ಮೊದಲು ವೋಲ್ಟ್ ಮೀಟರ್ ಹಾಕಿ. ಎಲ್ಲ ಹೊತ್ತಿಸಿದಾಗ ಎಂಜಿನ್ ಓಡುತ್ತಿದ್ದರೂ 13ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಖಾಲಿಯಾಗುತ್ತಿದೆ ಎಂದರ್ಥ.

ಕೊನೆಗೆ ಎಂಜಿನ್

ಟರ್ಬೊ ಎಂಜಿನ್‌ನಲ್ಲಿ ಟ್ಯೂನ್‌ನಿಂದ ನಿಜವಾದ ಶಕ್ತಿ ಸಿಗುತ್ತದೆ. ಟರ್ಬೊ ಇಲ್ಲದ ಕೆಲಸದ ಗಾಡಿಯಲ್ಲಿ ಹೆಚ್ಚಾಗಿ ಬದಲಾಗುವುದು ಎಕ್ಸಲರೇಟರ್‌ನ ಚುರುಕು. ಸೈಲೆನ್ಸರ್ ಬದಲಿಸಿದರೆ ಕಿಡಿ ತಡೆಯುವ ಸ್ಪಾರ್ಕ್ ಅರೆಸ್ಟರ್ ಇರುವುದನ್ನೇ ಕೊಳ್ಳಿ. ಒಣ ಹುಲ್ಲಿನಲ್ಲಿ ಒಂದು ಕಿಡಿ ಸಾಕು. ಕೆಲವು ಟ್ಯೂನ್‌ಗಳಿಗೆ ಹೆಚ್ಚಿನ ಆಕ್ಟೇನ್ ಪೆಟ್ರೋಲ್ ಕಡ್ಡಾಯ, ಅದು ಪ್ರತಿ ಸಲವೂ ಸಿಗುವ ಜಾಗದಲ್ಲಿ ನೀವಿದ್ದೀರಾ ಎಂದು ಯೋಚಿಸಿ. ವಾರಂಟಿಯ ಷರತ್ತುಗಳನ್ನು ಓದಿ, ಸಂದೇಹವಿದ್ದರೆ ವಾರಂಟಿ ಮುಗಿಯುವವರೆಗೆ ಕಾಯಿರಿ. ಹಾಕಿಸುವುದೇ ಆದರೆ, ಹೊಸ ಟ್ಯೂನ್ ಬರೆಯುವ ಮುನ್ನ ಕಾರ್ಖಾನೆಯ ಮೂಲ ಟ್ಯೂನ್‌ನ ಪ್ರತಿಯನ್ನು ತೆಗೆಸಿ ನಿಮ್ಮ ಬಳಿ ಇಟ್ಟುಕೊಳ್ಳಿ. ಆಮೇಲೆ ಪೂರ್ತಿ ಎಕ್ಸಲರೇಟರ್‌ನ ಆರ್‌ಪಿಎಂ ಅನ್ನು ಇನ್ನೊಮ್ಮೆ ನೋಡಿ. ಶಕ್ತಿ ಹೆಚ್ಚಾದರೆ ಕ್ಲಚ್ ತೂಕಗಳನ್ನು ಮತ್ತೆ ಹೊಂದಿಸಬೇಕಾಗುತ್ತದೆ.