ಸೂವರ್ಡ್ ಪಾರ್ಕ್: ಹೊರಗೆ ಸೈಕಲ್, ಒಳಗೆ ಕಾಲ್ನಡಿಗೆ

ಸಿಯಾಟಲ್‌ಗೆ ಹೊಸದಾಗಿ ಬಂದವರು ಸೈಕಲ್ ಹೊಡೆಯೋಕೆ ಒಳ್ಳೆಯ ಜಾಗ ಯಾವುದು ಎಂದು ಕೇಳಿದರೆ ನಾನು ಸೂವರ್ಡ್ ಪಾರ್ಕ್ ಎನ್ನುತ್ತೇನೆ. ವಯಸ್ಸಾದ ಅಪ್ಪ ಅಮ್ಮನನ್ನು ಎಲ್ಲಿ ನಡೆಸಲಿ ಎಂದು ಕೇಳಿದರೂ ಅದೇ ಹೆಸರು ಹೇಳುತ್ತೇನೆ. ಆದರೆ ಇಬ್ಬರಿಗೂ ಒಂದೇ ದಾರಿ ತೋರಿಸುವುದಿಲ್ಲ. ಅಲ್ಲಿ ನೀರಿನ ಅಂಚಿಗೆ ಒಂದು ಡಾಂಬರು ದಾರಿ ಸುತ್ತಿ ಬರುತ್ತದೆ. ನಡುವೆ ದಟ್ಟ ಕಾಡು. ಹೊರಗಿನ ಸುತ್ತಿನಲ್ಲಿ ಚಕ್ರಕ್ಕೂ ಕಾಲಿಗೂ ಜಾಗ ಇದೆ. ಒಳಗಿನ ಮಣ್ಣುದಾರಿ ಕಾಲಿಗೆ ಮಾತ್ರ. ಇದನ್ನು ಎರಡು ಪಾರ್ಕ್ ಎಂದೇ ಲೆಕ್ಕ ಇಟ್ಟುಕೊಂಡು ಹೋಗುವುದು ನನ್ನ ಪದ್ಧತಿ.

ಜಾಗದ ಬಗ್ಗೆ ಸ್ವಲ್ಪ ಹೇಳುತ್ತೇನೆ. ನಗರದ ಆಗ್ನೇಯ ಮೂಲೆಯಲ್ಲಿ, ಲೇಕ್ ವಾಷಿಂಗ್ಟನ್ ಒಳಕ್ಕೆ ಉತ್ತರ ದಿಕ್ಕಿಗೆ ಚಾಚಿಕೊಂಡ ನೆಲ ಇದು. ಮೂರು ಕಡೆ ನೀರು. ಒಟ್ಟು ಸುಮಾರು 300 ಎಕರೆ. ಅದರಲ್ಲಿ ಸುಮಾರು 120 ಎಕರೆ ಹಳೆಯ ಕಾಡು ಹಾಗೇ ಉಳಿದಿದೆ. 1903ರಲ್ಲಿ ಸಿಯಾಟಲ್‌ನ ಉದ್ಯಾನಗಳಿಗೆ ಯೋಜನೆ ಮಾಡಿಕೊಟ್ಟ ಆಲ್ಮ್‌ಸ್ಟೆಡ್ ಸಹೋದರರ ಸಂಸ್ಥೆ, ಈ ಜಾಗವನ್ನು ನಗರ ಕೊಂಡುಕೊಳ್ಳಬೇಕು ಎಂದು ಆಗಲೇ ಹೇಳಿತ್ತು. ನಗರ ಕೊಂಡಿದ್ದು 1911ರಲ್ಲಿ, 3,22,000 ಡಾಲರ್ ಕೊಟ್ಟು. ಆಗ ಅದು ಊರಾಚೆಯ ಜಾಗ. ಅಷ್ಟು ದುಡ್ಡು ಹಾಕಿ ಕಾಡು ಕೊಂಡಿಟ್ಟವರನ್ನು ನಾನು ಆಗಾಗ ನೆನೆಯುತ್ತೇನೆ. 1867ರಲ್ಲಿ ರಷ್ಯಾದಿಂದ ಅಲಾಸ್ಕವನ್ನು ಕೊಳ್ಳುವ ಒಪ್ಪಂದ ಮಾಡಿದ ವಿಲಿಯಂ ಸೂವರ್ಡ್ ಅವರ ಹೆಸರನ್ನು ಪಾರ್ಕಿಗೆ ಇಟ್ಟರು.

ಸುತ್ತುದಾರಿ ಇಷ್ಟು ಸಮತಟ್ಟಾಗಿ, ನೀರಿಗೆ ಇಷ್ಟು ಹತ್ತಿರ ಇರುವುದರ ಹಿಂದೆ ಇನ್ನೊಂದು ಕಥೆ ಇದೆ. 1916ರಲ್ಲಿ ಈ ಸರೋವರವನ್ನು ಸಮುದ್ರಕ್ಕೆ ಜೋಡಿಸುವ ಹಡಗು ಕಾಲುವೆ ತೆರೆದಾಗ ನೀರಿನ ಮಟ್ಟ ಸುಮಾರು 9 ಅಡಿ ಇಳಿಯಿತು. ಅದಕ್ಕೂ ಮುಂಚೆ ನೀರು ಏರಿದಾಗ ಈ ನೆಲ ದ್ವೀಪವೇ ಆಗಿಬಿಡುತ್ತಿತ್ತಂತೆ. ನೀರು ಇಳಿದ ಮೇಲೆ ಸುತ್ತಲೂ ಒಂದು ಪಟ್ಟಿ ನೆಲ ಹೊರಬಿತ್ತು. ದಂಡೆಗೆ ಅಂಟಿಕೊಂಡಂತೆ ಸೈಕಲ್ ಹೊಡೆಯುವಾಗ ನನಗೆ ಆ 9 ಅಡಿ ನೆನಪಾಗುತ್ತದೆ.

ಈ ಸುತ್ತು 2.4 ಮೈಲಿ. ನಮ್ಮ ಲೆಕ್ಕದಲ್ಲಿ ನಾಲ್ಕು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಕಾರುಗಳಿಗೆ ಪ್ರವೇಶ ಇಲ್ಲ. ಏರು ಅನ್ನುವಂಥದ್ದೇ ಇಲ್ಲ. ಹಾಗಾಗಿ ಸೈಕಲ್ ಕಲಿಯುವ ಮಕ್ಕಳಿಗೆ, ಎಷ್ಟೋ ವರ್ಷದ ಮೇಲೆ ಮತ್ತೆ ಸೈಕಲ್ ಹತ್ತುವ ದೊಡ್ಡವರಿಗೆ ಇದಕ್ಕಿಂತ ಒಳ್ಳೆಯ ಜಾಗ ಈ ಊರಲ್ಲಿ ನನಗೆ ಸಿಕ್ಕಿಲ್ಲ.

ಯಾವ ದಿಕ್ಕಿಗೆ ಸುತ್ತಬೇಕು ಎಂಬುದು ಸಣ್ಣ ವಿಷಯ ಅನ್ನಿಸಬಹುದು. ನನಗೆ ಅದು ಬಹಳ ಮುಖ್ಯ. ಊರಿನಲ್ಲಿ ಎಡಕ್ಕೆ ಹೋಗಿ ಅಭ್ಯಾಸ ಆದವರು ಮೊದಲು ನೆನಪಿಡಬೇಕಾದದ್ದು, ಇಲ್ಲಿ ಬಲಕ್ಕೆ ಹೋಗಬೇಕು, ಮುಂದಿನವರನ್ನು ಎಡದಿಂದ ದಾಟಬೇಕು. ಈಗ ಲೆಕ್ಕ ಹಾಕಿ. ಪ್ರವೇಶದಿಂದ ಪ್ರದಕ್ಷಿಣೆ ಹೊರಟರೆ ಕಾಡು ನಮ್ಮ ಬಲಕ್ಕೆ, ನೀರು ಎಡಕ್ಕೆ. ಬಲಬದಿಗೆ ಹೋಗುವುದರಿಂದ ನಾವು ಕಾಡಿನ ಪಕ್ಕಕ್ಕೇ ಇರುತ್ತೇವೆ. ನೀರಿಗೂ ನಮಗೂ ನಡುವೆ ದಾರಿಯ ಇನ್ನರ್ಧ ಇರುತ್ತದೆ. ಅಪ್ರದಕ್ಷಿಣೆ ಹೋದರೆ ನೀರಿನ ಅಂಚೇ ನಮ್ಮ ಪಾಲಿಗೆ. ಮಗಳು ಬ್ಯಾಲೆನ್ಸ್ ಕಲಿಯುತ್ತಿದ್ದಾಗ ನಾವು ಯಾವಾಗಲೂ ಪ್ರದಕ್ಷಿಣೆಯೇ ಹೋಗುತ್ತಿದ್ದೆವು. ಅವಳು ಬಲಕ್ಕೆ, ನಾನು ಅವಳ ಎಡಕ್ಕೆ ಅರ್ಧ ಚಕ್ರ ಹಿಂದೆ. ಹ್ಯಾಂಡಲ್ ಎತ್ತ ತಿರುಗಿದರೂ ಅವಳಿಗೂ ನೀರಿಗೂ ನಡುವೆ ನಾನು ಇರುತ್ತಿದ್ದೆ. ಒಬ್ಬಳೇ ಹೋಗುವಾಗ, ನೀರು ನೋಡುತ್ತಾ ಹೋಗಬೇಕು ಅನ್ನಿಸಿದರೆ, ಅಪ್ರದಕ್ಷಿಣೆ.

ಪ್ರದಕ್ಷಿಣೆಯಲ್ಲಿ ಇನ್ನೊಂದು ಲಾಭ ಇದೆ. ಮೊದಲು ಸಿಗುವುದು ಪಶ್ಚಿಮದ ದಂಡೆ, ಆಂಡ್ರೂಸ್ ಕೊಲ್ಲಿ. ಈಜುವ ಜಾಗ, ಹುಲ್ಲು, ಕೂರಲು ಬೆಂಚು, ಲಂಗರು ಹಾಕಿದ ದೋಣಿಗಳು. ಜನ ಜಾಸ್ತಿ ಇರುವುದೂ ಇಲ್ಲೇ. ಉತ್ತರದ ತುದಿಗೆ ಬಂದರೆ ದೂರದಲ್ಲಿ ತೇಲುವ ಸೇತುವೆ ಕಾಣುತ್ತದೆ. ತಿರುಗಿ ಪೂರ್ವದ ಬದಿಗೆ ಬಂದರೆ ಎದುರಿಗೆ ಮರ್ಸರ್ ದ್ವೀಪ. ಅಲ್ಲಿಂದ ದಕ್ಷಿಣಕ್ಕೆ ಮುಖ ಮಾಡಿ ಹೋಗುವಾಗ, ಮೋಡ ಇಲ್ಲದ ದಿನ, ರೇನಿಯರ್ ಪರ್ವತ ಕಣ್ಣೆದುರಿಗೆ ನಿಂತಿರುತ್ತದೆ. ಅಪ್ರದಕ್ಷಿಣೆ ಬಂದವರು ಅದನ್ನು ನೋಡಲು ಹಿಂದೆ ತಿರುಗಬೇಕು. ಸೈಕಲ್ ಮೇಲೆ ಹಿಂದೆ ತಿರುಗುವ ಸಹವಾಸ ಬೇಡ.

ದಾರಿ ಎಲ್ಲರದ್ದೂ ಆಗಿರುವುದರಿಂದ ವೇಗ ಹಿಡಿತದಲ್ಲಿರಬೇಕು. ಓಡುವವರು, ತಳ್ಳುಗಾಡಿಯ ಮಕ್ಕಳು, ಉದ್ದ ಹಗ್ಗದ ತುದಿಯಲ್ಲಿ ನಾಯಿ, ಕೈ ಕೈ ಹಿಡಿದು ನಾಲ್ಕು ಜನ ಸಾಲಾಗಿ ನಡೆಯುವ ಕುಟುಂಬ, ಎಲ್ಲರೂ ಇರುತ್ತಾರೆ. ನಾನು ಹಿಂದಿನಿಂದ ಬರುವಾಗ ಹತ್ತು ಹದಿನೈದು ಹೆಜ್ಜೆ ಇರುವಾಗಲೇ ಒಮ್ಮೆ ಗಂಟೆ ಹೊಡೆಯುತ್ತೇನೆ, ಆಮೇಲೆ 'ಆನ್ ಯುವರ್ ಲೆಫ್ಟ್' ಎಂದು ಹೇಳಿ, ಎಡದಿಂದ ನಿಧಾನವಾಗಿ ದಾಟುತ್ತೇನೆ. ತೀರಾ ಹತ್ತಿರ ಬಂದು ಗಂಟೆ ಹೊಡೆದರೆ ಜನ ಬೆಚ್ಚಿ ಎಡಕ್ಕೇ ಜಿಗಿಯುತ್ತಾರೆ. ವೇಗವಾಗಿ ತುಳಿಯುವ ಆಸೆ ಇದ್ದವರು ವಾರದ ದಿನ ಬೆಳಗ್ಗೆ ಬೇಗ ಬರುವುದು ಒಳ್ಳೆಯದು. ಶನಿವಾರ ಮಧ್ಯಾಹ್ನ ಅದು ಆಗುವ ಮಾತಲ್ಲ.

ಅಕ್ಟೋಬರ್‌ನಿಂದ ದಾರಿಯ ಸ್ವಭಾವವೇ ಬದಲಾಗುತ್ತದೆ. ಇಲ್ಲಿನ ದೊಡ್ಡೆಲೆ ಮೇಪಲ್ ಮರದ ಎಲೆ ಒಂದು ಅಡಿ ಅಗಲದವರೆಗೂ ಬೆಳೆಯುತ್ತದೆ. ಅವು ಉದುರಿ, ಮಳೆಗೆ ನೆನೆದು, ಡಾಂಬರಿಗೆ ಒಂದರ ಮೇಲೊಂದು ಅಂಟಿಕೊಳ್ಳುತ್ತವೆ. ಮೇಲಿನ ಎಲೆ ಕೆಳಗಿನದರ ಮೇಲೆ ಜಾರುತ್ತದೆ. ಅಲ್ಲಿ ಬ್ರೇಕ್ ಹಿಡಿಯಬಾರದು, ಹ್ಯಾಂಡಲ್ ತಿರುಗಿಸಬಾರದು. ಎಲೆ ರಾಶಿಗೆ ಮುಂಚೆಯೇ ವೇಗ ಇಳಿಸಿ, ನೇರ ದಾಟಿ, ಆಮೇಲೆ ತಿರುಗಿಸಬೇಕು. ಮಡ್‌ಗಾರ್ಡ್ ಇಲ್ಲದ ಸೈಕಲ್ ಈ ಊರಿಗೆ ಆಗುವುದೇ ಇಲ್ಲ. ಬೆನ್ನಿಗೆ ಕೆಸರು ಹೊಡೆಸಿಕೊಂಡು ಬಂದ ಮಗು ಮಾರನೇ ವಾರ ಸೈಕಲ್ ಮುಟ್ಟುವುದಿಲ್ಲ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗಿರುತ್ತಾನೆ. ಮರಗಳ ನೆರಳಲ್ಲಿ ಅದಕ್ಕೂ ಮುಂಚೆಯೇ ಕತ್ತಲೆ. ಮುಂದೆ ಬಿಳಿ, ಹಿಂದೆ ಕೆಂಪು ದೀಪ ಹಗಲಲ್ಲೂ ಉರಿಸಿಯೇ ಹೋಗುತ್ತೇನೆ. ಚಳಿಗಾಲದ ಬಿರುಗಾಳಿ ಇಲ್ಲಿ ಹೆಚ್ಚಾಗಿ ದಕ್ಷಿಣದಿಂದ ಬರುತ್ತದೆ. ಅಂಥ ದಿನ ಪೂರ್ವದ ಬದಿಯಲ್ಲಿ ಎದುರುಗಾಳಿ ಮುಖಕ್ಕೆ ಹೊಡೆಯುತ್ತದೆ, ಕೊಲ್ಲಿಯ ಬದಿ ಶಾಂತವಾಗಿರುತ್ತದೆ. ಮಗಳ ಜೊತೆ ಇದ್ದರೆ ಕೊಲ್ಲಿಯ ಬದಿಯಲ್ಲೇ ಹೋಗಿ ಅಲ್ಲೇ ವಾಪಸ್ ಬರುತ್ತೇವೆ. ಸುತ್ತು ಪೂರ್ತಿ ಮಾಡಲೇಬೇಕು ಅಂತ ಏನಿಲ್ಲ.

ಸೈಕಲ್ ಸುತ್ತು ಮುಗಿದ ಮೇಲೆ ಪ್ರವೇಶದ ಹತ್ತಿರ ಬೀಗ ಹಾಕಿ, ನೀರು ಕುಡಿದು, ಕಾಡಿನೊಳಗೆ ನಡೆಯುತ್ತೇವೆ. ಈ ಕ್ರಮವನ್ನು ನಾನು ಬಿಡುವುದಿಲ್ಲ. ಮೊದಲು ಕಾಡಿಗೆ ಹೋದರೆ ಮಗಳಿಗೆ ಹೊರಗೆ ಕಾಯುತ್ತಿರುವ ಸೈಕಲ್ಲಿನದೇ ಧ್ಯಾನ. ತುಳಿದು ದಣಿದ ಮೇಲೆ ಅವಳೇ ನಿಂತು ನಿಂತು ನೋಡುತ್ತಾಳೆ.

ಕಾಡಿನ ನಡುವೆ ದಕ್ಷಿಣದಿಂದ ಉತ್ತರಕ್ಕೆ ಒಂದು ಮುಖ್ಯ ಕಾಲುದಾರಿ ಹೋಗುತ್ತದೆ. ಅದರಿಂದ ಅಲ್ಲಲ್ಲಿ ಸಣ್ಣ ದಾರಿಗಳು ದಂಡೆಗೆ ಇಳಿಯುತ್ತವೆ. ದಾರಿ ತಪ್ಪುವ ಭಯ ಬೇಡ. ಯಾವ ಕಡೆ ಇಳಿದರೂ ಕೊನೆಗೆ ಸುತ್ತುದಾರಿಯೇ ಸಿಗುತ್ತದೆ ಅಥವಾ ಪ್ರವೇಶ ಸಿಗುತ್ತದೆ. ಡಗ್ಲಸ್ ಫರ್, ಕೆಂಪು ಸೀಡರ್, ಹೆಮ್ಲಾಕ್, ಮೇಪಲ್, ಇವೇ ಮುಖ್ಯ ಮರಗಳು. 200 ವರ್ಷ ದಾಟಿದವೂ ಇವೆ. ದಂಡೆಯ ಹತ್ತಿರ ಬಿಸಿಲು ಬೀಳುವಲ್ಲಿ ಮದ್ರೋನ ಎಂಬ ಮರ ಇದೆ. ಅದರ ಕೆಂಪು ತೊಗಟೆ ಕಾಗದದ ಹಾಗೆ ಸುಲಿದುಕೊಂಡು, ಒಳಗೆ ನುಣ್ಣಗೆ ಹಸಿರು ಮೈ ಕಾಣುತ್ತದೆ. ಮಗಳಿಗೆ ಇಷ್ಟ ಡಗ್ಲಸ್ ಫರ್‌ನ ಕಾಯಿ. ಅದರ ಮೈಮೇಲಿನ ಪ್ರತಿ ಹುರುಪೆಯ ಕೆಳಗಿನಿಂದ ಮೂರು ಮೊನೆಯ ಸಣ್ಣ ನಾಲಿಗೆ ಹೊರಗೆ ಚಾಚಿರುತ್ತದೆ. ಅದನ್ನು ನೋಡಿದರೆ ಸಾಕು, ಮೇಲಿನ ಮರ ಯಾವುದು ಎಂದು ತಲೆ ಎತ್ತದೆಯೂ ಹೇಳಬಹುದು. ನೋಡಿ ಅಲ್ಲೇ ಇಟ್ಟುಬರುತ್ತೇವೆ.

ಅಮ್ಮ ತೀರ್ಥಹಳ್ಳಿ ಕಡೆಯಿಂದ ಬಂದಿದ್ದಾಗ ಇಲ್ಲಿಗೆ ಕರೆದುಕೊಂಡು ಬಂದೆ. ಅವರಿಗೆ ಮೊಣಕಾಲು ನೋವು. ಮೊದಲ ದಿನಗಳಲ್ಲಿ ಸುತ್ತುದಾರಿಯಲ್ಲಿ ಮಾತ್ರ, ಬೆಂಚಿನಿಂದ ಬೆಂಚಿಗೆ. ಕಾಲು ಸ್ವಲ್ಪ ಪಳಗಿದ ಮೇಲೆ ಕಾಡಿನೊಳಗೆ. ಒಳಗೆ ಕಾಲಿಟ್ಟ ಕೂಡಲೇ ಸೀರೆ ಸ್ವಲ್ಪ ಎತ್ತಿಕೊಂಡು ಪಾದ ನೋಡಿಕೊಂಡರು. "ಇಂಬಳ ಇಲ್ವೇನೇ ಇಲ್ಲಿ?" "ಇಲ್ಲಮ್ಮ, ಆರಾಮಾಗಿ ನಡೀರಿ" ಅಂದೆ. ಇಷ್ಟು ಹಸಿ ನೆಲ, ಇಷ್ಟು ಹಾವಸೆ, ಆದರೂ ಕಾಲಿಗೆ ಒಂದೂ ಇಂಬಳ ಹತ್ತುವುದಿಲ್ಲ ಎನ್ನುವುದನ್ನು ನಂಬಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಒಂದು ಮೇಪಲ್ ಮರದ ಮುಂದೆ ನಿಂತುಬಿಟ್ಟರು. ಕಾಂಡದ ತುಂಬ ದಪ್ಪ ಹಾವಸೆ. ಅದರ ಮೇಲೆ ಜರಿಗಿಡಗಳು. ಹಾವಸೆಯನ್ನು ಬೆರಳಲ್ಲಿ ಒತ್ತಿ, ನೀರು ಜಿನುಗಿದ್ದು ನೋಡಿ, "ನಮ್ಮ ತೋಟದ ಹಲಸಿನ ಮರಕ್ಕೂ ಹೀಗೇ ಹಿಡಿದಿರತ್ತೆ ಮಳೆಗಾಲದಲ್ಲಿ" ಅಂದರು. ಮಲೆನಾಡಿನ ಜೋರು ಮಳೆ ಇಲ್ಲಿಲ್ಲ. ಇಲ್ಲಿಯದು ತಿಂಗಳುಗಟ್ಟಲೆ ಜಿನುಗುವ ಮಳೆ. ಆದರೆ ಮರಕ್ಕೆ ಸಿಗುವ ತಂಪು ಅದೇ.

ಅಮ್ಮಂದಿರನ್ನು ಕರೆದುಕೊಂಡು ಹೋಗುವವರಿಗೆ ಒಂದು ಮಾತು. ಮಳೆ ನಿಂತ ಮಾರನೇ ದಿನ ಮಣ್ಣುದಾರಿಯಲ್ಲಿ ಮೇಲೆದ್ದ ಬೇರುಗಳು ಬಹಳ ಜಾರುತ್ತವೆ. ಬೇರಿನ ಮೇಲೆ ಕಾಲಿಡದೆ ಅದನ್ನು ದಾಟಿ ಇಡಲು ಹೇಳಿ. ಚಪ್ಪಲಿ ಬೇಡ, ಹಿಡಿತ ಇರುವ ಶೂ ಬೇಕು. ಶೌಚಾಲಯ ಇರುವುದು ಈಜುವ ದಂಡೆಯ ಹತ್ತಿರ. ಉತ್ತರದ ತುದಿಗೆ ಹೊರಡುವ ಮುಂಚೆಯೇ ಮುಗಿಸಿಕೊಳ್ಳುವುದು ಒಳ್ಳೆಯದು.

ಕಾಡಿನಲ್ಲಿ ದಾರಿ ಬಿಟ್ಟು ಪಕ್ಕಕ್ಕೆ ಹೋಗಬೇಡಿ ಎಂದು ನಾನು ಪದೇ ಪದೇ ಹೇಳುವುದಕ್ಕೆ ಎರಡು ಕಾರಣ. ಒಂದು, ಇಲ್ಲಿ ಕೆಲವು ಕಡೆ ಪಾಯ್ಸನ್ ಓಕ್ ಎಂಬ ಗಿಡ ಇದೆ. ಮೂರು ಮೂರು ಎಲೆ ಸೇರಿ ಇರುತ್ತದೆ. ಮುಟ್ಟಿದರೆ ಚರ್ಮಕ್ಕೆ ಗುಳ್ಳೆ ಏಳುತ್ತದೆ. ಗೇರು ಸೊನೆ ತಾಗಿ ಮೈ ಸುಟ್ಟುಕೊಂಡವರಿಗೆ ಇದು ಗೊತ್ತಿರುವ ಕಾಟವೇ. ಗೇರು, ಮಾವು, ಈ ಗಿಡ, ಮೂರೂ ಒಂದೇ ಕುಟುಂಬದವು. ತಾಗಿತು ಅನ್ನಿಸಿದರೆ ತಡ ಮಾಡದೆ ಸೋಪು ಹಾಕಿ ತೊಳೆಯಬೇಕು, ಬಟ್ಟೆಯನ್ನೂ ಒಗೆಯಬೇಕು. ಆ ಎಣ್ಣೆ ಬಟ್ಟೆಗೆ ಅಂಟಿಕೊಂಡು ಉಳಿಯುತ್ತದೆ.

ಎರಡನೆಯದು ನನಗೆ ಸಂಕಟದ ವಿಷಯ. ಈ ಕಾಡಿನ ನೆಲವನ್ನು ತುಂಬಿರುವುದು ಸ್ವೋರ್ಡ್ ಫರ್ನ್ ಎಂಬ ದೊಡ್ಡ ಜರಿಗಿಡ. ಸೊಂಟದೆತ್ತರಕ್ಕೆ ಬೆಳೆಯುತ್ತದೆ, ವರ್ಷವಿಡೀ ಹಸಿರು. 2013ರ ಸುಮಾರಿಗೆ ಪಾರ್ಕಿನ ಒಂದು ಭಾಗದಲ್ಲಿ ಅವು ಸಾಯುತ್ತಿರುವುದು ಅಲ್ಲಿ ನಡೆಯುವವರ ಕಣ್ಣಿಗೆ ಬಿತ್ತು. ಆಮೇಲೆ ಅದು ಹರಡಿತು. ಸಂಶೋಧಕರು ಕಾರಣ ಹುಡುಕುತ್ತಿದ್ದಾರೆ, ಇದೇ ಎಂದು ಬೆರಳಿಟ್ಟು ತೋರಿಸಲು ಆಗಿಲ್ಲ. ಜರಿಗಿಡ ಸತ್ತ ಜಾಗ ಕಂಡರೆ ಕರುಳು ಚುರ್ ಅನ್ನುತ್ತದೆ. ಒಣಗಿದ ಬುಡಗಳು, ನಡುವೆ ಬರಿ ಮಣ್ಣು. ಮಳೆ ಬಂದರೆ ಆ ಮಣ್ಣಿಗೆ ಹಿಡಿತ ಇಲ್ಲ. ಅಂಥ ಜಾಗದಲ್ಲಿ ಮತ್ತೆ ಗಿಡ ನೆಡುತ್ತಾರೆ. ಸ್ವಯಂಸೇವಕರು ಬೇರೆ ಕಡೆಯ ಕಳೆಬಳ್ಳಿ ಕಿತ್ತು, ಇಲ್ಲಿಯದೇ ಸಸಿ ಹಾಕಿ, ಸುತ್ತ ಮರದ ಚೂರು ಹರಡುತ್ತಾರೆ. ಫೋಟೋಗಾಗಿ ಒಳನುಗ್ಗಿದವರ ಒಂದು ಹೆಜ್ಜೆಗೆ ಆ ಸಸಿ ಹೋಗುತ್ತದೆ. ಮಣ್ಣುದಾರಿಯಲ್ಲಿ ಸೈಕಲ್ ಬೇಡ ಎನ್ನುವುದಕ್ಕೂ ನನಗೆ ಇದೇ ದೊಡ್ಡ ಕಾರಣ. ಒದ್ದೆ ನೆಲದಲ್ಲಿ ಚಕ್ರ ಬಿಟ್ಟ ಗೀರು ಮುಂದಿನ ಮಳೆಗೆ ಕಾಲುವೆ ಆಗುತ್ತದೆ.

ಹಕ್ಕಿ ನೋಡುವವರಿಗೆ ಚಳಿಗಾಲ ಒಳ್ಳೆಯದು. ಕೊಲ್ಲಿಯಲ್ಲಿ ನಮ್ಮ ನಾಮದ ಕೋಳಿಯ ಅಮೆರಿಕದ ಬಂಧುಗಳು ಗುಂಪು ಗುಂಪಾಗಿ ತೇಲುತ್ತಿರುತ್ತವೆ. ಅದೇ ಕಪ್ಪು ಮೈ, ಅದೇ ಬಿಳಿ ಕೊಕ್ಕು. ಅವು ಒಮ್ಮೆಲೇ ಒತ್ತೊತ್ತಾಗಿ ಸೇರಿಕೊಂಡರೆ ತಲೆ ಎತ್ತಿ ನೋಡಿ, ಮೇಲೆ ಬಿಳಿತಲೆ ಹದ್ದು ಇರುವ ಸಂಭವ ಜಾಸ್ತಿ. ಈ ಹದ್ದುಗಳು ಇಲ್ಲಿಯ ಎತ್ತರದ ಮರಗಳಲ್ಲೇ ಗೂಡು ಕಟ್ಟುತ್ತವೆ. ಪ್ರವೇಶದಲ್ಲಿರುವ ಹಳೆಯ ಕಟ್ಟಡದಲ್ಲಿ 2008ರಲ್ಲಿ ಆಡುಬಾನ್ ಸಂಸ್ಥೆಯ ಪ್ರಕೃತಿ ಕೇಂದ್ರ ಶುರುವಾಯಿತು. ಮಕ್ಕಳಿದ್ದರೆ ಅಲ್ಲಿ ಸ್ವಲ್ಪ ಹೊತ್ತು ಕಳೆಯಬಹುದು. ಹತ್ತಿರದಲ್ಲೇ ಜಪಾನಿನ ಯೊಕೊಹಾಮಾ ನಗರ ಕಳಿಸಿದ ಕಲ್ಲಿನ ದೀಪ ಇದೆ. 1923ರ ಭೂಕಂಪದ ಹೊತ್ತಿಗೆ ಸಿಯಾಟಲ್ ಮಾಡಿದ ಸಹಾಯಕ್ಕೆ ಕೃತಜ್ಞತೆಯ ಕಾಣಿಕೆ ಅದು.

ಹೋಗುವ ದಾರಿ. ಕಾರಿಲ್ಲದವರು ಲಘು ರೈಲಿನಲ್ಲಿ ಒಥೆಲ್ಲೊ ನಿಲ್ದಾಣಕ್ಕೆ ಬಂದು 50ನೇ ನಂಬರ್ ಬಸ್ ಹಿಡಿಯಬಹುದು. ಬಸ್ಸಿನ ಮುಂದೆ ಸೈಕಲ್ ಇಡುವ ಸ್ಟ್ಯಾಂಡ್ ಇರುತ್ತದೆ. ಸೈಕಲ್ ಇಳಿಸುವ ಮುಂಚೆ ಚಾಲಕರಿಗೆ ಹೇಳಿ ಇಳಿಯಿರಿ. ಸರೋವರದ ಆಚೆ ಬದಿಯ ಬೆಲ್‌ವ್ಯೂ ಕಡೆಯ ನಮ್ಮವರು, ದೂರ ತುಳಿಯುವ ಅಭ್ಯಾಸ ಇದ್ದರೆ, ಐ-90 ಹೆದ್ದಾರಿಯ ತೇಲುಸೇತುವೆಯ ಸೈಕಲ್ ದಾರಿಯಲ್ಲಿ ಮರ್ಸರ್ ದ್ವೀಪ ದಾಟಿ ಬಂದು, ಲೇಕ್ ವಾಷಿಂಗ್ಟನ್ ಬುಲೆವಾರ್ಡ್‌ಗೆ ಇಳಿದು ದಕ್ಷಿಣಕ್ಕೆ ಬರಬಹುದು. ಕಾರಿನಲ್ಲಿ ಬರುವವರು ಬ್ಯಾಗು ಕಣ್ಣಿಗೆ ಬೀಳುವಂತೆ ಬಿಡಬೇಡಿ. ಬಿಸಿಲಿನ ಭಾನುವಾರ ಹತ್ತು ಗಂಟೆಯ ಮೇಲೆ ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ.

ಬೇಸಿಗೆಯ ಕೆಲವು ವಾರಾಂತ್ಯಗಳಲ್ಲಿ ಆ ಬುಲೆವಾರ್ಡ್‌ನಲ್ಲಿ, ಸೂವರ್ಡ್ ಪಾರ್ಕಿನಿಂದ ಮೌಂಟ್ ಬೇಕರ್ ದಂಡೆಯವರೆಗೆ, ಕಾರುಗಳ ಓಡಾಟ ನಿಲ್ಲಿಸಿ ಇಡೀ ರಸ್ತೆಯನ್ನು ಸೈಕಲ್ಲಿಗೂ ನಡೆಯುವವರಿಗೂ ಬಿಟ್ಟುಕೊಡುತ್ತಾರೆ. ಇದು 1968ರಿಂದ ನಡೆದು ಬಂದಿದೆ. ಯಾವ ವಾರಾಂತ್ಯ ಎಂದು ನಗರದ ಉದ್ಯಾನ ಇಲಾಖೆ ಮೊದಲೇ ತಿಳಿಸುತ್ತದೆ. ಪಾರ್ಕಿನ ಸುತ್ತು ಆರಾಮಾಗಿ ಮುಗಿಸುವ ಮಗುವಿಗೆ ಮುಂದಿನ ಹೆಜ್ಜೆ ಅದೇ. ನಮ್ಮ ಮಗಳು ಈ ಬೇಸಿಗೆಯಲ್ಲಿ ಅತ್ತ ಹೋಗುವುದು ಎಂದು ಈಗಲೇ ತೀರ್ಮಾನ ಮಾಡಿದ್ದಾಳೆ. ಅಜ್ಜಿಯೂ ಜೂನ್‌ನಲ್ಲಿ ಬರುತ್ತಿದ್ದಾರೆ. ಅವರು ರಸ್ತೆ ನಡುವೆ ನಡೆಯುವುದಂತೆ, ಇವಳು ಮುಂದೆ ಹೋಗಿ ಹೋಗಿ ವಾಪಸ್ ಬರುವುದಂತೆ.